ಕಲಬುರಗಿ ಬಾಲ್ಕನಿಯಲ್ಲಿ ಸಕ್ಯುಲೆಂಟ್ ತೋಟ: ಮೂರೂ ಕಾಲ ದಾಟಿದ ಮೇಲೆ ಬರೆದದ್ದು

ಕಲಬುರಗಿಯಂಥ ಬಿಸಿಲೂರಿನಲ್ಲಿ ಸಕ್ಯುಲೆಂಟ್ ಗಿಡಗಳು, ಅಂದರೆ ದಪ್ಪ ಎಲೆ-ಕಾಂಡದಲ್ಲಿ ನೀರು ಕೂಡಿಟ್ಟುಕೊಳ್ಳುವ ಗಿಡಗಳು, ತಾವಾಗಿಯೇ ಬೆಳೆಯುತ್ತವೆ ಅಂತ ನನಗೆ ಹೇಳದವರಿಲ್ಲ. ಮರುಭೂಮಿ ಗಿಡ, ಉರಿಬಿಸಿಲ ಊರು, ಇನ್ನೇನು ಬೇಕು ಅನ್ನುವುದು ಅವರ ಲೆಕ್ಕ. ಒಂದು ಚಳಿಗಾಲ, ಒಂದು ಬೇಸಿಗೆ, ಒಂದು ಮಳೆಗಾಲ ಈ ಗಿಡಗಳ ಜೊತೆ ಕಳೆದಿದ್ದೇನೆ. ನೀರಿಲ್ಲದೆ ಸತ್ತ ಗಿಡ ನನ್ನಲ್ಲಿ ಒಂದೂ ಇಲ್ಲ. ಮೇ ತಿಂಗಳ ತಣಿಯದ ರಾತ್ರಿಗಳಿಗೆ ಕೆಲವು ಹೋದವು, ಸೆಪ್ಟೆಂಬರ್ ಮಳೆಗೆ ಇನ್ನು ಕೆಲವು. ಬೆಂಗಳೂರು, ಪುಣೆಯ ತಂಪು ಹವೆಯಲ್ಲಿ ಕೂತು ಮಾಡಿದ ವಿಡಿಯೊಗಳಲ್ಲಿ ಈ ಮಾತು ಬರುವುದಿಲ್ಲ. ನಮ್ಮ ಕಡೆ ಬಾಡಿಗೆ ಮನೆಯಲ್ಲಿ, ಸಣ್ಣ ಬಾಲ್ಕನಿಯಲ್ಲಿ ಇದನ್ನು ಮಾಡಬೇಕೆಂದಿರುವವರಿಗೆ ಉಪಯೋಗವಾಗಲಿ ಅಂತ ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ನಮ್ಮದು ಸೇಡಂ ರಸ್ತೆ ಕಡೆ, ಮೊದಲ ಮಹಡಿಯ ಬಾಡಿಗೆ ಮನೆ. ಬಾಲ್ಕನಿ ಉದ್ದ 8 ಅಡಿ, ಅಗಲ ಮೂರೂವರೆ ಅಡಿ. ಅದರಲ್ಲೇ ಬಟ್ಟೆ ಒಣಹಾಕುವ ತಂತಿ, ವಾಷಿಂಗ್ ಮಷಿನ್ನಿನ ಪೈಪು. ಜೇವರ್ಗಿ ತಾಲ್ಲೂಕಿನ ನಮ್ಮೂರಲ್ಲಿ ಹಿತ್ತಲು ಇತ್ತು. ಇಲ್ಲಿ ಬಂದ ಮೇಲೆ ಒಂದು ತುಳಸಿ ಗಿಡದ ಹೊರತು ಹಸಿರೇ ಇಲ್ಲದೆ ನನಗೆ ಉಸಿರು ಕಟ್ಟಿದಂತಾಗಿತ್ತು. ಕಚೇರಿ, ಮನೆ, ಮಕ್ಕಳ ಶಾಲೆ ಇವುಗಳ ನಡುವೆ ದಿನಾ ನೀರು ಹಾಕಬೇಕಾದ ಗಿಡ ಸಾಕುವುದು ಕಷ್ಟ. ಅದಕ್ಕೇ ಸಕ್ಯುಲೆಂಟ್ ಆರಿಸಿಕೊಂಡೆ.

ಮೊದಲ ಅಡ್ಡಿ ಗಿಡದ್ದಲ್ಲ, ಮನೆ ಮಾಲೀಕರದ್ದು. "ಕೆಳಗ ನಮ್ಮ ದೇವರ ಖೋಲಿ ಅದರೀ, ನೀರು ಇಳದ್ರ ಗೋಡಿ ಹಾಳಾಗ್ತದ" ಅಂದರು. ಅವರ ಆತಂಕ ಸುಳ್ಳಲ್ಲ. ಹಳೆಯ ಸ್ಲ್ಯಾಬು, ಒಂದು ಮೂಲೆಯಲ್ಲಿ ಮೊದಲೇ ತೇವದ ಕಲೆ ಇತ್ತು. ಭಾರದ ಪ್ರಶ್ನೆಯೂ ಬಂತು. ನಾನು ಕುಂಡಕ್ಕೆ ಮಣ್ಣು ತುಂಬಿ, ನೀರು ಹಾಕಿ, ಅಡುಗೆಮನೆಯ ತಕ್ಕಡಿಯಲ್ಲಿಟ್ಟು ತೋರಿಸಿದೆ. 4 ಇಂಚಿನ ಕುಂಡ ತೊಯ್ದಾಗಲೂ ಒಂದು ಕಿಲೋ ಒಳಗೇ ಇತ್ತು. ಅಂಥ ನಲವತ್ತು ಕುಂಡ ಇಟ್ಟರೂ ಒಬ್ಬ ಮನುಷ್ಯ ನಿಂತಷ್ಟು ಭಾರವಿಲ್ಲ. ಆದರೂ ಹೈದರಾಬಾದಿನಲ್ಲಿರುವ ಮಗನನ್ನು ಕೇಳಬೇಕೆಂದರು. ಶ್ರಾವಣ ಪೂರ್ತಿ ಅದರಲ್ಲೇ ಕಳೆಯಿತು. ಕೊನೆಗೆ ಒಂದು ಹಾಳೆಯ ಮೇಲೆ ಒಪ್ಪಿಗೆ ಬರೆದುಕೊಂಡೆವು. ರೇಲಿಂಗಿಗೆ, ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ರೇಲಿಂಗಿನ ಹೊರಗೆ ಕುಂಡ ತೂಗುಹಾಕುವಂತಿಲ್ಲ. ಪ್ರತಿ ಕುಂಡದ ಕೆಳಗೆ ತಟ್ಟೆ ಇರಬೇಕು. ಮನೆ ಬಿಡುವಾಗ ಬಾಲ್ಕನಿ ಮೊದಲಿದ್ದಂತೆ ಮಾಡಿಕೊಡಬೇಕು. ಇಬ್ಬರ ಸಹಿ ಹಾಕಿ, ಬಾಡಿಗೆ ಕರಾರುಪತ್ರದ ಜೊತೆ ಇಟ್ಟು, ಫೋನಿನಲ್ಲೂ ಫೋಟೊ ತೆಗೆದಿಟ್ಟುಕೊಂಡೆ. ತೇವದ ಹಳೆ ಕಲೆಯ ಫೋಟೊವನ್ನೂ ಅವತ್ತೇ ತೆಗೆದು ಅವರಿಗೆ ಕಳಿಸಿದೆ. ಬಾಡಿಗೆ ಮನೆಯಲ್ಲಿರುವವರು ಈ ಎರಡೂ ಕೆಲಸ ತಪ್ಪದೆ ಮಾಡಿ. ಮುಂದೆ ಮಳೆಗಾಲದಲ್ಲಿ ಕಲೆ ದೊಡ್ಡದಾದಾಗ ಆ ಫೋಟೊ ನನ್ನ ಕೈ ಹಿಡಿಯಿತು. ನೀರು ಇಳಿಯುತ್ತಿದ್ದದ್ದು ಮೇಲಿನ ಟ್ಯಾಂಕಿನ ಪೈಪಿನಿಂದ.

ಒಪ್ಪಿಗೆ ಸಿಕ್ಕ ಕೂಡಲೇ ಗಿಡ ತರೋಣವೆಂದು ನರ್ಸರಿಗೆ ಹೋದರೆ ಅಲ್ಲಿಯ ಮುದುಕಪ್ಪ ಕೊಡಲೇ ಇಲ್ಲ. "ಈಗ ಒಯ್ಬ್ಯಾಡ್ರಿ. ದೀಪಾವಳಿ ಆಗ್ಲಿ, ಥಂಡಿ ಬೀಳ್ಲಿ, ಆವಾಗ ಬರ್ರಿ" ಅಂದರು. ಮಾರುವವರೇ ಹೀಗೆ ಹೇಳಿದ ಮೇಲೆ ಕಾಯದೆ ಇರಲಾಗಲಿಲ್ಲ. ಈಗ ಹೇಳುತ್ತೇನೆ, ಆ ಮಾತು ಅಕ್ಷರಶಃ ಸರಿ. ನಮ್ಮ ಭಾಗದಲ್ಲಿ ಈ ಗಿಡಗಳು ನಿಜವಾಗಿ ಬೆಳೆಯುವ ಕಾಲ ನವೆಂಬರಿನಿಂದ ಫೆಬ್ರವರಿ. ಆಗ ಬೇರು ಬಿಟ್ಟುಕೊಂಡರೆ ಮಾತ್ರ ಬೇಸಿಗೆ ತಡೆಯುವ ಶಕ್ತಿ ಬರುತ್ತದೆ. ಫೆಬ್ರವರಿ ಕೊನೆಗೆ ಗಿಡ ಕೊಂಡವರು ಬೇರೂರದ ಗಿಡವನ್ನೇ ಮೇ ತಿಂಗಳಿಗೆ ಒಪ್ಪಿಸಿದಂತೆ.

ಕಾಯುವ ಆ ದಿನಗಳನ್ನು ಬಿಸಿಲು ನೋಡುವುದಕ್ಕೂ ಮಣ್ಣು ಮಾಡುವುದಕ್ಕೂ ಬಳಸಿದೆ. ಬಾಲ್ಕನಿ ಪೂರ್ವಕ್ಕಿದೆ, ಆದರೆ ಒಂದು ತುದಿ ದಕ್ಷಿಣಕ್ಕೆ ತೆರೆದಿದೆ. ಎಲ್ಲಿ ಎಷ್ಟು ಹೊತ್ತು ಬಿಸಿಲು ಬೀಳುತ್ತದೆಂದು ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು ನೋಡಿದೆ. ಬೆಳಗಿನ ಮೂರು-ನಾಲ್ಕು ತಾಸಿನ ಬಿಸಿಲು ಬಹುತೇಕ ಸಕ್ಯುಲೆಂಟುಗಳಿಗೆ ಧಾರಾಳ ಸಾಕು. ಪಶ್ಚಿಮದ ಬಾಲ್ಕನಿ ಇರುವವರಿಗೆ ಬೇಸಿಗೆಯಲ್ಲಿ ನೆರಳಿನ ಬಲೆ ಇಲ್ಲದೆ ಆಗುವುದೇ ಇಲ್ಲ.

ಇನ್ನು ಮಣ್ಣು. ಇದರ ಬಗ್ಗೆ ಸ್ವಲ್ಪ ಹೆಚ್ಚೇ ಬರೆಯುತ್ತೇನೆ, ಯಾಕೆಂದರೆ ತೋಟ ಉಳಿಯುವುದು ಬಿಡುವುದು ಇದರ ಮೇಲಿದೆ. ನಮ್ಮೂರಿಂದ ಒಂದು ಚೀಲ ಎರೆಮಣ್ಣು ಕಳಿಸುತ್ತೇನೆಂದು ಅಣ್ಣ ಹೇಳಿದ. ಬೇಡ ಅಂದೆ. ನಮ್ಮ ಎರೆಮಣ್ಣಿನಲ್ಲಿ ನೀರು ಕುಡಿದು ಉಬ್ಬುವ ಜೇಡಿ ತುಂಬಾ ಇರುತ್ತದೆ. ಒಣಗಿದಾಗ ಬಿರುಕು ಬಿಡುತ್ತದೆ, ತೊಯ್ದಾಗ ಅಂಟಾಗಿ ಗಾಳಿಯಾಡದಂತೆ ಮುಚ್ಚಿಕೊಳ್ಳುತ್ತದೆ. ತೊಗರಿಗೆ ಅದೇ ವರ. ಮಳೆ ನಿಂತ ಮೇಲೂ ತಳದ ತೇವ ಹೀರಿ ಅದು ಜನವರಿವರೆಗೆ ನಿಲ್ಲುತ್ತದೆ. ಆದರೆ ಎಲೆಯಲ್ಲೇ ನೀರು ತುಂಬಿಟ್ಟುಕೊಂಡ ಗಿಡದ ಬೇರಿಗೆ ಅಂಥ ತೇವ ವಾರಗಟ್ಟಲೆ ತಾಗಿದರೆ ಕೊಳೆಯುತ್ತದೆ.

ಹಾಗಾಗಿ ಮಿಶ್ರಣ ಮನೆಯಲ್ಲೇ ಮಾಡಿದೆ. ಪಕ್ಕದ ಓಣಿಯಲ್ಲಿ ಮನೆ ಕಟ್ಟುತ್ತಿದ್ದರು. ಅವರನ್ನು ಕೇಳಿ ಒಡೆದ ಇಟ್ಟಿಗೆ ತಂದು, ಕುಟ್ಟಿ, ಜೋಳದ ಕಾಳಿನಿಂದ ಕಡಲೆ ಕಾಳಿನ ಗಾತ್ರದ ಹರಳು ಮಾತ್ರ ಜರಡಿಯಲ್ಲಿ ಉಳಿಸಿಕೊಂಡೆ. ಸಿಮೆಂಟು ಅಂಟಿದ ಚೂರುಗಳನ್ನು ಆರಿಸಿ ಎಸೆದೆ, ಅದರ ಕ್ಷಾರ ಬೇರಿಗೆ ಒಳ್ಳೆಯದಲ್ಲ. ದಪ್ಪ ಉಸುಕನ್ನು ನೀರು ತಿಳಿಯಾಗುವವರೆಗೆ ತೊಳೆದೆ. ತೆಂಗಿನ ನಾರಿನ ಪುಡಿಯನ್ನು ನೆನೆಸಿ, ಹಿಂಡಿ, ಮತ್ತೆ ನೆನೆಸಿ ಉಪ್ಪಿನಂಶ ತೆಗೆದೆ. ಎರಡು ಪಾಲು ಇಟ್ಟಿಗೆ ಹರಳು, ಒಂದು ಪಾಲು ಉಸುಕು, ಒಂದು ಪಾಲು ನಾರಿನ ಪುಡಿ, ಅರ್ಧ ಪಾಲು ಎರೆಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ. ಪರ್ಲೈಟ್ ಅನ್ನುವ ಹಗುರವಾದ ಬಿಳಿ ಹರಳು ಸ್ವಲ್ಪ ತರಿಸಿದೆ, ಅದಿಲ್ಲದೆಯೂ ನಡೆಯುತ್ತದೆ. ಬೀದರ್ ಕಡೆಯವರಿಗೆ ಇಟ್ಟಿಗೆಯ ಬದಲು ಜಂಬಿಟ್ಟಿಗೆ ಕಲ್ಲಿನ ಹರಳು ಸಿಗುತ್ತದೆ, ಯಾದಗಿರಿಯವರಿಗೆ ಗ್ರಾನೈಟಿನ ಸಣ್ಣ ಜಲ್ಲಿ. ಶಹಾಬಾದ್ ಕಲ್ಲಿನ ಚೂರು ನಮ್ಮಲ್ಲಿ ಎಲ್ಲೆಂದರಲ್ಲಿ ಬಿದ್ದಿರುತ್ತದೆ, ಆದರೆ ಅದು ಸುಣ್ಣದ ಕಲ್ಲು. ನಮ್ಮ ಬೋರ್‌ವೆಲ್ ನೀರೇ ಗಡಸು. ಅದರ ಜೊತೆ ಇದನ್ನೂ ಸೇರಿಸಿದರೆ ಮಣ್ಣಿನ ಕ್ಷಾರ ಇನ್ನೂ ಏರುತ್ತದೆ. ಆ ಕಲ್ಲನ್ನು ಬೇರೆ ಕೆಲಸಕ್ಕೆ ಇಟ್ಟುಕೊಂಡೆ.

ಮಿಶ್ರಣ ಸರಿಯಾಯಿತೋ ಇಲ್ಲವೋ ನೋಡಲು ಕುಂಡ ತುಂಬಿ ಒಂದು ಲೋಟ ನೀರು ಸುರಿಯಿರಿ. ಮೇಲೆ ನಿಲ್ಲದೆ ಕೆಲವೇ ಸೆಕೆಂಡಿನಲ್ಲಿ ತಳದಿಂದ ಇಳಿಯಬೇಕು. ಕುಂಡದ ತಳಕ್ಕೆ ಕಲ್ಲಿನ ಪದರ ಹಾಕಿದರೆ ನೀರು ಬೇಗ ಬಸಿಯುತ್ತದೆ ಅನ್ನುವ ಮಾತು ಬಹಳ ಕಡೆ ಕೇಳುತ್ತೀರಿ. ನಿಜ ಬೇರೆ. ನುಣುಪು ಮಣ್ಣು ಪೂರ್ತಿ ತೊಯ್ದು ತುಂಬುವವರೆಗೆ ಅದರ ನೀರು ಕೆಳಗಿನ ಒರಟು ಕಲ್ಲಿಗೆ ಇಳಿಯುವುದಿಲ್ಲ. ಹಾಗಾಗಿ ಒದ್ದೆ ಪದರ ಬೇರಿಗೆ ಇನ್ನಷ್ಟು ಹತ್ತಿರ ಬರುತ್ತದೆ. ತೂತಿನ ಮೇಲೆ ಒಂದು ಚೂರು ಬಲೆ ಇಟ್ಟರೆ ಸಾಕು. ಇದೇ ಕಾರಣಕ್ಕೆ ತೂತಿಲ್ಲದ ಗಾಜಿನ ಬಟ್ಟಲು, ಮುಚ್ಚಿದ ಗಾಜಿನ ಜಾಡಿಯಲ್ಲಿ ಸಕ್ಯುಲೆಂಟ್ ಇಡಬೇಡಿ. ಫೋಟೊದಲ್ಲಿ ಎಷ್ಟು ಚೆಂದ ಕಂಡರೂ ನಮ್ಮ ಸೆಕೆಯಲ್ಲಿ ಅದು ಬಾಳುವುದಿಲ್ಲ. ಪಿಂಗಾಣಿ ಕಪ್ಪಿಗೆ ಟೈಲ್ಸ್ ಕೊರೆಯುವ ಬಿಟ್ಟಿನಿಂದ, ನೀರು ಹನಿಸುತ್ತ, ನಿಧಾನವಾಗಿ ತೂತು ಮಾಡಬಹುದು.

ಸ್ಟ್ಯಾಂಡಿಗಾಗಿ ಹೊಸದರ ಬೆಲೆ ಕೇಳಿ ಸುಮ್ಮನಾದೆ. ಗುಜರಿಯಲ್ಲಿ ಹಳೆಯ ಅಂಗಡಿಯ ಕಬ್ಬಿಣದ ರ್‍ಯಾಕ್ ಸಿಕ್ಕಿತು. ವೆಲ್ಡಿಂಗ್ ಅಂಗಡಿಯಲ್ಲಿ ಅದನ್ನು ಕತ್ತರಿಸಿ ಮೂರು ಮೆಟ್ಟಿಲಿನಂತೆ ಮಾಡಿಸಿ, ತುಕ್ಕು ಉಜ್ಜಿ, ಬಿಳಿ ಬಣ್ಣ ಬಳಿದೆ. ಎಲ್ಲ ಸೇರಿ 1,400 ರೂಪಾಯಿ. ಕೆಳ ಮೆಟ್ಟಿಲಿಗೆ ಶಹಾಬಾದ್ ಪರಸಿಯ ಎರಡು ತುಂಡು ಹಾಕಿದೆ. ಮುಂಗಾರಿಗೆ ಮುಂಚೆ ಏಳುವ ಬಿರುಗಾಳಿಗೆ ರ್‍ಯಾಕ್ ಅಲ್ಲಾಡದಿದ್ದದ್ದು ಆ ಭಾರದಿಂದ. ಗೋಡೆಗೆ ಮೊಳೆ ಹೊಡೆಯುವಂತಿಲ್ಲವಲ್ಲ, ಅದಕ್ಕೆ ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ, ತಳಕ್ಕೆ ತೂತು ಹಾಕಿ, ರ್‍ಯಾಕಿನ ಬದಿಗೇ ತಂತಿಯಿಂದ ಕಟ್ಟಿದೆ. ಬೇರು ಆಳಕ್ಕೆ ಹೋಗದ ಸೀಡಮ್, ಟೇಬಲ್ ರೋಸ್‌ಗಳಿಗೆ ಅಷ್ಟು ಜಾಗ ಸಾಕು. ಹಳೆಯ ಎಣ್ಣೆ ಡಬ್ಬಿ, ಹಾಲಿನ ಪುಡಿ ಡಬ್ಬಿಗಳನ್ನು ಮಾತ್ರ ಬಳಸಲಿಲ್ಲ. ಲೋಹ ನಮ್ಮ ಬಿಸಿಲಿಗೆ ಕಾದರೆ ಒಳಗಿನ ಬೇರು ಬೆಂದುಹೋಗುತ್ತದೆ.

ದೀಪಾವಳಿ ಆದ ಮೇಲೆ ಗಿಡಗಳು ಬಂದವು. ಅರ್ಧದಷ್ಟು ದುಡ್ಡಿಲ್ಲದೆ ಬಂದವೇ. ಊರಿನ ಬೇಲಿಯಿಂದ ಲೋಳೆಸರ, ಮಂಗರವಳ್ಳಿ, ಕಾಡುಬಸಳೆ ತಂದೆ. ಅವು ಈ ಬಿಸಿಲಿಗೇ ಒಗ್ಗಿಕೊಂಡ ಗಿಡಗಳು, ಶುರುಮಾಡುವವರಿಗೆ ಅವಕ್ಕಿಂತ ಒಳ್ಳೆಯವು ಸಿಗವು. ನರ್ಸರಿಯಲ್ಲಿ ಜೇಡ್, ಹಾವರ್ತಿಯ, ಸ್ನೇಕ್ ಪ್ಲಾಂಟ್, ಅಡೇನಿಯಂ, ಮುಳ್ಳಿನ ಯೂಫೋರ್ಬಿಯ ಕೊಂಡೆ. ಎಲೆಗಳೇ ಹೂವಿನಂತೆ ಸುತ್ತ ಜೋಡಿಸಿಕೊಂಡಿರುವ ಎಚೆವೇರಿಯ ಮತ್ತು ಗ್ರಾಪ್ಟೊಪೆಟಲಮ್ ಮಾತ್ರ ಊರಲ್ಲಿ ಸಿಗದೆ ಆನ್‌ಲೈನಿನಲ್ಲಿ ಬೇರೆ ರಾಜ್ಯದಿಂದ ತರಿಸಿದೆ.

ಆ ಪಾರ್ಸಲ್ಲಿನದು ದೊಡ್ಡ ಕಥೆ. ದಿನಾ ಟ್ರ್ಯಾಕಿಂಗ್ ತೆರೆದು ನೋಡುವುದು, ದಿನಾ ಅದೇ ಗೋದಾಮಿನ ಹೆಸರು. ಹಬ್ಬದ ಸರಕಿನ ರಾಶಿಯಲ್ಲಿ ಸಿಕ್ಕಿಕೊಂಡಿತ್ತಂತೆ. ಕೊನೆಗೆ ಬಂದಾಗ ಡಬ್ಬಿಯ ಒಂದು ಮೂಲೆ ಜಜ್ಜಿತ್ತು. ಒಳಗೆ ಎರಡು ಎಚೆವೇರಿಯಗಳು ಕಪ್ಪಾಗಿ, ಮುಟ್ಟಿದರೆ ಎಲೆ ಉದುರುತ್ತಿದ್ದವು. ಕೂಡಿಟ್ಟ ದುಡ್ಡಿನಲ್ಲಿ ತರಿಸಿದ್ದು, ಬಹಳ ಸಂಕಟವಾಯಿತು. ಮಾರಿದವರು ಮೊದಲು ಕೇಳಿದ್ದು ಡಬ್ಬಿ ತೆರೆಯುವ ವಿಡಿಯೊ. ಅದು ಎಲ್ಲೂ ಕಡಿತವಿಲ್ಲದೆ, ವಿಳಾಸದ ಚೀಟಿ ಕಾಣುವಂತೆ ಇರಬೇಕಂತೆ. ಅದೃಷ್ಟಕ್ಕೆ ಮಗಳು ಖುಷಿಗೆಂದು ಮೊದಲಿನಿಂದ ಕೊನೆಯವರೆಗೆ ಚಿತ್ರೀಕರಿಸಿದ್ದಳು. ಬಿಲ್ಲು, ವಿಡಿಯೊ, ಸತ್ತ ಗಿಡಗಳ ಫೋಟೊ ಎಲ್ಲ ಕಳಿಸಿ, ಮೇಲಿಂದ ಮೇಲೆ ನೆನಪಿಸಿದ ಮೇಲೆ ಗಿಡದ ದುಡ್ಡು ವಾಪಸು ಬಂತು, ಸಾಗಾಟದ್ದು ಬರಲಿಲ್ಲ. ನೀವು ತರಿಸುವುದಾದರೆ ವಾರದ ಮೊದಲ ದಿನವೇ ಕಳಿಸಲು ಹೇಳಿ, ಭಾನುವಾರ ಗೋದಾಮಿನಲ್ಲಿ ಕೂರುವುದು ತಪ್ಪುತ್ತದೆ. ವಿದೇಶದಿಂದ ತರಿಸುವ ಆಸೆ ಬೇಡ. ಗಿಡ, ಬೀಜ ಯಾವುದಕ್ಕೂ ಆಮದು ಪರವಾನಗಿ, ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಕಳ್ಳಿ ಜಾತಿಗಳ ಬಹುಪಾಲು, ಅಪಾಯದಲ್ಲಿರುವ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿವೆ.

ಬಂದ ಗಿಡಗಳನ್ನು ಕೂಡಲೇ ನೆಡಲಿಲ್ಲ. ಹಳೆ ಮಣ್ಣು ಉದುರಿಸಿ, ಮುರಿದ ಬೇರು ಕತ್ತರಿಸಿ, ಗಾಯ ಒಣಗುವವರೆಗೆ ನೆರಳಲ್ಲಿ ಕಾಗದದ ಮೇಲೆ ಮಲಗಿಸಿದ್ದೆ. ನೆಟ್ಟ ಮೇಲೂ ಸುಮಾರು ಒಂದು ವಾರ ನೀರಿಲ್ಲ. ನೋಡಿದವರಿಗೆ ಕ್ರೂರವೆನಿಸಬಹುದು, ಆದರೆ ಹಸಿ ಗಾಯಕ್ಕೆ ನೀರು ತಾಗಿದರೆ ಕೊಳೆ ಶುರುವಾಗುವುದು ಅಲ್ಲಿಂದಲೇ.

ಚಳಿಗಾಲ ಬರೀ ಸಂತೋಷದ ಕಾಲ. ಉದುರಿದ ಗ್ರಾಪ್ಟೊಪೆಟಲಮ್ ಎಲೆಗಳನ್ನು ಒಣ ಮಣ್ಣಿನ ಮೇಲೆ ಇಟ್ಟಿದ್ದೆ. ಎರಡರಿಂದ ನಾಲ್ಕು ವಾರದಲ್ಲಿ ಬುಡದಿಂದ ಗುಲಾಬಿ ಬಣ್ಣದ ಕೂದಲಿನಂಥ ಬೇರು, ಆಮೇಲೆ ಸಾಸಿವೆಯಷ್ಟು ಗಿಡ. ಕಾಡುಬಸಳೆಯ ಎಲೆಯಂಚಿನಲ್ಲಿ ಸಾಲಾಗಿ ಮರಿಗಳು. ಬೆಳಿಗ್ಗೆ ಎದ್ದ ಕೂಡಲೇ ಬಾಲ್ಕನಿಗೆ ಹೋಗುವುದು ಮನೆಯವರೆಲ್ಲರ ರೂಢಿಯಾಯಿತು. ಆ ತಿಂಗಳುಗಳಲ್ಲಿ ಹತ್ತು ದಿನಕ್ಕೊಮ್ಮೆ, ತಳದಿಂದ ಇಳಿಯುವಷ್ಟು ನೀರು ಕೊಟ್ಟೆ.

ಮಾರ್ಚ್ ಕೊನೆಗೆ ಚಿತ್ರ ಬದಲಾಯಿತು. ನಮ್ಮ ವಿಭಾಗದಲ್ಲಿ ಏಪ್ರಿಲ್-ಮೇ ಬಂದರೆ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ. ಈ ಗಿಡಗಳದೂ ಅಂಥದೇ ವ್ಯವಸ್ಥೆ. ಹಗಲು ಎಲೆಯ ರಂಧ್ರ ಮುಚ್ಚಿ ನೀರು ಉಳಿಸುತ್ತವೆ, ರಾತ್ರಿ ತೆರೆದು ಇಂಗಾಲದ ಡೈಆಕ್ಸೈಡ್ ಎಳೆದುಕೊಂಡು ಆಮ್ಲವಾಗಿ ಕೂಡಿಡುತ್ತವೆ, ಮರುದಿನ ಬೆಳಕಿನಲ್ಲಿ ಅದನ್ನು ಬಳಸುತ್ತವೆ. ಭಾರತದಲ್ಲಿದ್ದ ಸಸ್ಯಶಾಸ್ತ್ರಜ್ಞ ಬೆಂಜಮಿನ್ ಹೈನ್ ನಮ್ಮ ಕಾಡುಬಸಳೆಯ ಎಲೆ ಬೆಳಿಗ್ಗೆ ಹುಳಿಯಾಗಿ, ಮಧ್ಯಾಹ್ನ ಸಪ್ಪೆಯಾಗಿ ಇರುವುದನ್ನು ಗಮನಿಸಿ ಬರೆದದ್ದು 1815ರಲ್ಲಿ ಪ್ರಕಟವಾಗಿತ್ತು. ನೀವು ರುಚಿ ನೋಡಲು ಹೋಗಬೇಡಿ, ಆ ಗಿಡದಲ್ಲಿ ವಿಷದ ಅಂಶವಿದೆ, ಆಡು-ದನಗಳಿಗೂ ಅಪಾಯ. ಹೇಳಬೇಕೆಂದದ್ದು ಇಷ್ಟು: ಇವಕ್ಕೆ ತಂಪು ರಾತ್ರಿ ಬೇಕು. ಹಗಲು 43-44 ಡಿಗ್ರಿ ಕಾದ ಗೋಡೆ ರಾತ್ರಿಯೆಲ್ಲ ಬಿಸಿ ಉಗುಳುತ್ತಿದ್ದರೆ ರಂಧ್ರ ತೆರೆಯುವ ಹೊತ್ತೇ ಸಿಗದೆ ಗಿಡ ಸೊರಗುತ್ತದೆ. ಎಚೆವೇರಿಯ ಮೆಕ್ಸಿಕೋದ ಎತ್ತರದ ಪ್ರದೇಶಗಳ ಗಿಡ. ಅಲ್ಲಿ ಬಿಸಿಲು ಎಷ್ಟಿದ್ದರೂ ರಾತ್ರಿ ತಣ್ಣಗಾಗುತ್ತದೆ.

ಏನೇನು ಮಾಡಿದೆ ಅಂದರೆ, ರ್‍ಯಾಕನ್ನು ಗೋಡೆಯಿಂದ ಒಂದು ಅಡಿ ಈಚೆಗೆ ಎಳೆದೆ. 50 ಶೇಕಡಾ ನೆರಳಿನ ಬಲೆಯನ್ನು ಬಟ್ಟೆ ತಂತಿಗೇ ಕ್ಲಿಪ್ಪು ಹಾಕಿ ಇಳಿಬಿಟ್ಟೆ, ದಕ್ಷಿಣದ ತುದಿಗೆ ಅದನ್ನೇ ಎರಡು ಪದರ ಮಾಡಿ. ಕಪ್ಪು ಪ್ಲಾಸ್ಟಿಕ್ ಕುಂಡಗಳಿಗೆ ಹೊರಗಿನಿಂದ ಸುಣ್ಣ ಬಳಿದೆ. ನೀರು ಸೂರ್ಯ ಮುಳುಗಿ ಗೋಡೆ ತಣಿದ ಮೇಲೆ, ಅದೂ ಬೇರು ಒಣಗದಷ್ಟು ಮಾತ್ರ. ಎಲೆ ಸುಕ್ಕಾಗಿದೆ ಅಂತ ಮಧ್ಯಾಹ್ನ ನೀರು ಸುರಿಯಬೇಡಿ, ಕಾದ ಮಣ್ಣಿನಲ್ಲಿ ಆ ನೀರು ಬೇರನ್ನು ಬೇಯಿಸುತ್ತದೆ. ಹಾವರ್ತಿಯ ಕೆಂಪಗಾಗಿ ಮುದುಡಿಕೊಂಡಿತು, ಅದನ್ನು ಒಳಗೆ ಕಿಟಕಿಯ ಪಕ್ಕ ತಂದೆ. ಇಷ್ಟೆಲ್ಲ ಮಾಡಿಯೂ ಮೇ ಮಧ್ಯದ ಹೊತ್ತಿಗೆ ಎಚೆವೇರಿಯಗಳಲ್ಲಿ ಹೆಚ್ಚಿನವು ಹೋದವು. ಚಳಿಗಾಲದಲ್ಲಿ ಅಷ್ಟು ಅಂದವಾಗಿ ಅರಳಿದ್ದವು, ಒಂದೊಂದನ್ನೇ ಕಿತ್ತು ಹಾಕುವಾಗ ಕಣ್ಣು ತುಂಬಿತ್ತು. ಅದೇ ವೇಳೆಗೆ ಅಡೇನಿಯಂ ಮಾತ್ರ ಪೂರ್ತಿ ಬಿಸಿಲಲ್ಲಿ ನಿಂತು ಮೈತುಂಬ ಗುಲಾಬಿ ಹೂ ಬಿಟ್ಟಿತು. ನಮ್ಮ ಊರಿನ ಗಿಡ ಯಾವುದೆಂದು ಕೇಳಿದರೆ ನಾನು ಅದನ್ನೇ ಹೇಳುತ್ತೇನೆ.

ಮೊದಲ ಮಳೆಗೆ ಎಲ್ಲರಂತೆ ನಾನೂ ಹಿಗ್ಗಿದೆ. ಗಡಸು ನೀರಿನಿಂದ ಕುಂಡದಂಚಿಗೆ ಕಟ್ಟಿದ್ದ ಬಿಳಿ ಪುಡಿ ತೊಳೆದು ಹೋಯಿತು, ಎಲೆಗಳು ತುಂಬಿಕೊಂಡವು. ಮಳೆನೀರನ್ನು ಡ್ರಮ್ಮಿನಲ್ಲಿ ಹಿಡಿದಿಟ್ಟರೆ ಮುಂದೆ ಬಹಳ ಉಪಯೋಗ. ಆರ್‌ಒ ಯಂತ್ರ ಹೊರಬಿಡುವ ನೀರನ್ನು ಮಾತ್ರ ಹಾಕಬೇಡಿ, ಲವಣವೆಲ್ಲ ಅದರಲ್ಲೇ ಸೇರಿರುತ್ತದೆ. ಆದರೆ ಆಗಸ್ಟ್, ಸೆಪ್ಟೆಂಬರಿನಲ್ಲಿ ಮೋಡ ಬಿಡದೆ, ಮಣ್ಣು ಒಣಗದೆ ದಿನಗಳು ಹೋದವು. ಜೇಡ್ ಗಿಡದ ಒಂದು ಕಾಂಡ ಬುಡದಲ್ಲಿ ಮೆತ್ತಗಾಯಿತು. ಸ್ಪಿರಿಟ್ಟಿನಲ್ಲಿ ಒರೆಸಿದ ಬ್ಲೇಡಿನಿಂದ ಕಪ್ಪು ಕಾಣದ ಹಸಿರು ಸಿಗುವವರೆಗೆ ಕತ್ತರಿಸಿ, ಒಣಗಿಸಿ, ಮತ್ತೆ ನೆಟ್ಟೆ. ಅದು ಬದುಕಿತು. ಬಲೆಯ ಮೇಲೆ ದಪ್ಪ ಪಾರದರ್ಶಕ ಹಾಳೆ ಹೊದಿಸಿ, ಎರಡೂ ಬದಿ ಗಾಳಿಗೆ ತೆರೆದಿಟ್ಟೆ.

ಅದೇ ಸಮಯಕ್ಕೆ ಎಲೆಗಳ ಸಂದಿನಲ್ಲಿ ಹತ್ತಿಯಂಥ ಬಿಳಿ ಹಿಟ್ಟುತಿಗಣೆ ಕಾಣಿಸಿತು. ಇರುವೆ ಸಾಲು ಕಂಡರೆ ಮೊದಲು ಅಲ್ಲಿ ಹುಡುಕಿ. ಅದರ ಸಿಹಿ ಅಂಟಿಗಾಗಿ ಇರುವೆಗಳು ಅದನ್ನು ಕಾಯುತ್ತವೆ. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಒಂದೊಂದನ್ನೇ ಒರೆಸಿದೆ, ವಾರ ಬಿಟ್ಟು ಮತ್ತೆ. ಬೇವಿನೆಣ್ಣೆ ಸಿಂಪಡಿಸಿದರೆ ಸಂಜೆಯೇ ಸಿಂಪಡಿಸಿ, ಬಿಸಿಲಿಗೆ ಎಲೆ ಸುಡುತ್ತದೆ. ಯೂಫೋರ್ಬಿಯ ಕತ್ತರಿಸುವಾಗ ಅದರ ಹಾಲು ಕಣ್ಣಿಗೆ, ಕೈಗೆ ತಾಗದಂತೆ ಎಚ್ಚರ. ಅಡೇನಿಯಂನ ರಸವೂ ವಿಷವೇ. ಸಣ್ಣ ಮಕ್ಕಳಿರುವ ಮನೆಯಲ್ಲಿ ಇವೆರಡನ್ನೂ ಮೇಲಿನ ಮೆಟ್ಟಿಲಿಗಿಡಿ.

ಖರ್ಚು ಕೇಳುವವರಿಗೆ: ರ್‍ಯಾಕ್ 1,400, ಗಿಡಗಳು 2,200, ಸಾಗಾಟ 250, ಕುಂಡ ಮತ್ತು ತಟ್ಟೆ 600, ಬಲೆ 300, ನಾರಿನ ಪುಡಿ 200, ಪರ್ಲೈಟ್ 180, ಉಸುಕು 50, ಸ್ಪಿರಿಟ್ ಮತ್ತು ಬೇವಿನೆಣ್ಣೆ 200. ಒಟ್ಟು 5,380 ರೂಪಾಯಿ. ಎಚೆವೇರಿಯ ಬಿಟ್ಟು, ಊರಿನ ಬೇಲಿಯ ಗಿಡಗಳಿಂದ ಶುರುಮಾಡಿ, ಹಳೆಯ ಸ್ಟೂಲನ್ನೇ ಸ್ಟ್ಯಾಂಡ್ ಮಾಡಿಕೊಂಡರೆ ಒಂದೂವರೆ ಸಾವಿರದೊಳಗೆ ಆಗುತ್ತದೆ. ಇಷ್ಟರಲ್ಲಿ ದಸರಾ ಬಂದಿದೆ. ಈಗಲೇ ಇಟ್ಟಿಗೆ ಕುಟ್ಟಿ, ಮಣ್ಣು ಕಲಸಿಟ್ಟುಕೊಳ್ಳಿ, ದೀಪಾವಳಿಯ ಹೊತ್ತಿಗೆ ಕುಂಡಗಳು ಸಿದ್ಧವಿರುತ್ತವೆ.